ಮೆಣಸಿನಕಾಯಿ ಒಂದೇ, ಉರಿ ಬೇರೆ ಬೇರೆ



ಬ್ಯಾಡಗಿಯಲ್ಲಿ ಮೆಣಸಿನಕಾಯಿ ವಹಿವಾಟು ನಡೆಯುವುದು ಸೋಮವಾರ ಮತ್ತು ಗುರುವಾರ. ಸುಗ್ಗಿಯ ತಿಂಗಳುಗಳಲ್ಲಿ ಆ ಎರಡು ದಿನ ಎಪಿಎಂಸಿ ಪ್ರಾಂಗಣದಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಕಾಯಿ ಇರಲಿ, ಬಳ್ಳಾರಿ, ರಾಯಚೂರು ದಾಟಿ ಆಂಧ್ರದ ಕಡೆಯಿಂದಲೂ ಚೀಲಗಳು ಬಂದು ಬೀಳುತ್ತವೆ. ಖರೀದಿದಾರ ಬಾಯಿ ಬಿಚ್ಚಿದ ಚೀಲದಿಂದ ಒಂದು ಹಿಡಿ ಕಾಯಿ ತೆಗೆದು ಬಣ್ಣ ನೋಡುತ್ತಾನೆ, ಮೇಲಿನ ಸುಕ್ಕು ನೋಡುತ್ತಾನೆ, ಹಿಸುಕಿ ತೇವ ಎಷ್ಟಿದೆ ಎಂದು ಅಂದಾಜು ಮಾಡುತ್ತಾನೆ. ಕಚ್ಚಿ ಖಾರ ನೋಡುವವರನ್ನು ನಾನಂತೂ ಕಂಡಿಲ್ಲ. ನೋಡುವ ಅಗತ್ಯವೂ ಇಲ್ಲ. ಬ್ಯಾಡಗಿ ಕಾಯಿ ಹೆಸರು ಮಾಡಿದ್ದೇ ಖಾರ ಕಡಿಮೆ, ಕೆಂಪು ಹೆಚ್ಚು ಎಂದು. ಉದ್ದಕ್ಕೆ, ತೆಳ್ಳಗೆ, ಮೈತುಂಬ ಸುಕ್ಕಿರುವ ಕಡ್ಡಿ. ಗಿಡ್ಡಗೆ, ದಪ್ಪಗೆ ಇರುವ ಡಬ್ಬಿ. ಎರಡರಲ್ಲೂ ಬಣ್ಣವೇ ಬಂಡವಾಳ. ಆ ಬಣ್ಣವನ್ನು ಓಲಿಯೋರೆಸಿನ್ ರೂಪದಲ್ಲಿ ಹಿಂಡಿ ತೆಗೆದು ತಿಂಡಿ ತಿನಿಸಿಗೆ, ತುಟಿಗೆ ಹಚ್ಚುವ ಬಣ್ಣಕ್ಕೆ ಕೂಡ ಬಳಸುತ್ತಾರೆ. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ಸಿಕ್ಕಿತು.

ಇಷ್ಟು ಸೌಮ್ಯವಾದ ಕಾಯಿ. ಆದರೂ ಪ್ರಾಂಗಣದೊಳಗೆ ಹೊಕ್ಕ ಹೊಸಬ ಘಾಟಿಗೆ ಸೀನುತ್ತಾನೆ, ಕೆಮ್ಮುತ್ತಾನೆ, ಕಣ್ಣೊರೆಸಿಕೊಳ್ಳುತ್ತಾನೆ. ಹಮಾಲರು ಅವನನ್ನು ನೋಡಿ ನಗುತ್ತಾರೆ. ಅವರಿಗೆ ಏನೂ ಆಗಿರುವುದಿಲ್ಲ. ಗಾಳಿ ಒಂದೇ, ಕಾಯಿ ಒಂದೇ. ಒಬ್ಬನಿಗೆ ಉರಿ, ಇನ್ನೊಬ್ಬನಿಗೆ ಇಲ್ಲ. ಇದಕ್ಕೆ ನಾವು ‘ರೂಢಿ’ ಎಂಬ ಉತ್ತರ ಇಟ್ಟುಕೊಂಡು ಮುಂದೆ ಹೋಗುತ್ತೇವೆ. ಆ ಉತ್ತರ ಸುಳ್ಳಲ್ಲ, ಆದರೆ ಅರ್ಧ. ಉಳಿದರ್ಧ ನಮ್ಮ ನರದೊಳಗಿದೆ. ಅಲ್ಲಿ ಕೂತು ಖಾರವನ್ನು ಏರಿಸುವ ಒಂದು ಪ್ರೋಟೀನಿನ ವಿಷಯವನ್ನೇ ಇವತ್ತು ನಿಮ್ಮೆದುರು ಹೇಳಬೇಕೆಂದಿದ್ದೇನೆ. ಅದರ ಹೆಸರು ಪ್ರೋಟೀನ್ ಕೈನೇಸ್ ಸಿ ಎಪ್ಸಿಲಾನ್. ಹೆಸರು ಉದ್ದವಾಯಿತು ಎಂದು ರೇಡಿಯೋ ಬಂದ್ ಮಾಡಬೇಡಿ. ಕೆಲಸ ನಿಮಗೆ ಪರಿಚಯದ್ದೇ.

ಮೊದಲು ಕಾಯಿಯ ಕಡೆಯ ಲೆಕ್ಕ ಮುಗಿಸೋಣ. ಖಾರದ ವಸ್ತು ಕ್ಯಾಪ್ಸೈಸಿನ್. ಅದು ಬೀಜದಲ್ಲಿದೆ ಎಂದು ಬಹಳ ಜನ ನಂಬಿದ್ದಾರೆ. ಅದು ತಯಾರಾಗುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಬೀಜಕ್ಕೆ ತಾಕಿದ್ದು ಪಕ್ಕದಿಂದ ಬಂದದ್ದು. ಅದು ಎಷ್ಟಿದೆ ಎಂದು ಅಳೆಯಲು 1912ರಲ್ಲಿ ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೋವಿಲ್ ಒಂದು ಉಪಾಯ ಮಾಡಿದ. ಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳು ಮಾಡುತ್ತ ಹೋಗುವುದು, ರುಚಿ ನೋಡುವವರ ನಾಲಿಗೆಗೆ ಖಾರ ತಿಳಿಯದಂತಾದಾಗ ನಿಲ್ಲಿಸುವುದು. ಎಷ್ಟು ಪಟ್ಟು ತೆಳು ಮಾಡಬೇಕಾಯಿತೋ ಅಷ್ಟು ಅಂಕ. ನನಗೆ ಈ ವಿಧಾನ ಇಷ್ಟ, ಅದರ ದೋಷದ ಕಾರಣಕ್ಕೇ ಇಷ್ಟ: ಕಾಯಿಯನ್ನು ಅಳೆಯಲು ಹೊರಟವನು ನಾಲಿಗೆಯನ್ನೂ ಜೊತೆಗೇ ಅಳೆಯುತ್ತಿದ್ದ.

ನಾಲಿಗೆಯೇ ಬೇರೆಯಾದರೆ ಏನಾಗುತ್ತದೆ ಎಂಬುದಕ್ಕೆ ಗಿಳಿಗಳು ಸಾಕ್ಷಿ. ಮೆಣಸಿನ ಹೊಲಕ್ಕೆ ಇಳಿದ ಗಿಳಿ ಹಣ್ಣುಗಾಯಿಯನ್ನು ಪೇರಲ ತಿಂದಂತೆ ತಿನ್ನುತ್ತದೆ. ಗಿಡದ ದೃಷ್ಟಿಯಿಂದ ಇದು ಅನುಕೂಲವೇ. ಹಲ್ಲಿರುವ ಪ್ರಾಣಿ ಬೀಜವನ್ನು ಅಗಿದು ಹಾಳು ಮಾಡುತ್ತದೆ, ಹಕ್ಕಿ ನುಂಗಿ ದೂರ ಒಯ್ದು ಉದುರಿಸುತ್ತದೆ. ಖಾರ ಒಬ್ಬರನ್ನು ಓಡಿಸಲಿಕ್ಕಿದೆ, ಇನ್ನೊಬ್ಬರನ್ನಲ್ಲ. ಹಕ್ಕಿಗೆ ಖಾರ ಯಾಕೆ ಹತ್ತುವುದಿಲ್ಲ ಎಂಬುದು 2002ರಲ್ಲಿ ಅಣುಮಟ್ಟದಲ್ಲಿ ತಿಳಿಯಿತು. ಬಿಸಿಯನ್ನು ಗ್ರಹಿಸುವ ಪ್ರೋಟೀನು ಕೋಳಿಯ ನರದಲ್ಲೂ ಇದೆ, ಆದರೆ ಅದಕ್ಕೆ ಕ್ಯಾಪ್ಸೈಸಿನ್ನಿನ ಗುರುತು ಸಿಗುವುದಿಲ್ಲ.

ಆ ಪ್ರೋಟೀನಿನ ಹೆಸರು ಟಿಆರ್‌ಪಿವಿ1. ಹಾವೇರಿಯವರಿಗೆ ಇದರ ವರ್ಷ ನೆನಪಿಡುವುದು ಸುಲಭ. ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟಿನಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು ಖಾರವನ್ನು ಹಿಡಿಯುವ ಪ್ರೋಟೀನನ್ನೂ ಅದರ ಜೀನನ್ನೂ ಪತ್ತೆ ಮಾಡಿದ ಸುದ್ದಿ ‘ನೇಚರ್’ ಪತ್ರಿಕೆಯಲ್ಲಿ ಬಂತು. 2021ರಲ್ಲಿ ಜೂಲಿಯಸ್ ಅವರಿಗೆ ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಸಿಕ್ಕಿತು. ಈ ಟಿಆರ್‌ಪಿವಿ1 ನೋವಿನ ನರದ ಪೊರೆಯಲ್ಲಿರುವ ಒಂದು ಬಾಗಿಲು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದರೆ ತೆರೆಯುತ್ತದೆ. ತೆರೆದರೆ ಕ್ಯಾಲ್ಸಿಯಂ, ಸೋಡಿಯಂ ಕಣಗಳು ಒಳನುಗ್ಗಿ ನರ ಮಿಡಿಯುತ್ತದೆ, ಮಿದುಳು ‘ಸುಟ್ಟಿತು’ ಎಂದು ತಿಳಿಯುತ್ತದೆ. ಕ್ಯಾಪ್ಸೈಸಿನ್ ಬಂದು ಕೂತರೂ ಇದೇ ಬಾಗಿಲು ತೆರೆಯುತ್ತದೆ. ಮಿದುಳಿಗೆ ಕೆಂಡವೂ ಕಾಯಿಯೂ ಬೇರೆಯಾಗಿ ಕಾಣುವುದಿಲ್ಲ.

ಪ್ರಸಂಗವಶಾತ್ ಒಂದು ಮಾತು. ಹಾವೇರಿಯ ಏಲಕ್ಕಿ ಮಾಲೆ ನಿಮಗೆಲ್ಲ ಗೊತ್ತು. ಏಲಕ್ಕಿಯ ಎಣ್ಣೆಯಲ್ಲಿ ಸಿನಿಯೋಲ್ ಎಂಬ ವಸ್ತು ಹೇರಳವಾಗಿದೆ. ಅದು ತೆರೆಯುವುದು ತಂಪನ್ನು ಗ್ರಹಿಸುವ ಇನ್ನೊಂದು ಬಾಗಿಲನ್ನು. ಬಿಸಿಗೆ ಬ್ಯಾಡಗಿ, ತಂಪಿಗೆ ಹಾವೇರಿ ಎಂದು ಜಿಲ್ಲೆ ಒಳ್ಳೆಯ ಪಾಲು ಮಾಡಿಕೊಂಡಿದೆ.

ಈಗ ಕೈಗಳ ಮಾತಿಗೆ ಬರುತ್ತೇನೆ. ಬ್ಯಾಡಗಿಯಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮೆಣಸಿನಕಾಯಿಯ ತುಂಬು ಬಿಡಿಸುವ ಹೆಣ್ಣುಮಕ್ಕಳು ಸಾವಿರಾರು. ಬೆಂಗಳೂರಿನವರಿಗೆ ತೊಟ್ಟು ಎಂದರೆ ತಿಳಿದೀತು. ಬೆಳಗಿನಿಂದ ಸಂಜೆಯವರೆಗೆ ಕೂತು, ಕಾಯಿ ಮುರಿಯದಂತೆ ಬೆರಳ ತುದಿಯಲ್ಲಿ ತುಂಬು ಕೀಳುವ ಕೆಲಸ. ಉಗುರಿನ ಸಂದಿಯಲ್ಲಿ ಪುಡಿ ಸೇರುತ್ತದೆ, ಒಣ ಚರ್ಮ ಬಿರಿಯುತ್ತದೆ. ಅಂಥ ಒಬ್ಬ ಹಿರಿಯ ಹೆಣ್ಣುಮಗಳು ನನಗೆ ಹೇಳಿದ ಮಾತಿದು: “ಕಾಯಿ ಬಿಡಸೂವಾಗ ಅಷ್ಟ ಅನಸೂದಿಲ್ರೀ ಸರ. ಸಂಜೀಗೆ ಎಸರ ಹಾಕಿ ರೊಟ್ಟಿ ಹಿಟ್ಟ ನಾದಾಕ ಕುಂತಾಗ ಐತಿ ನೋಡ್ರಿ.”

ಜೋಳದ ಹಿಟ್ಟಿಗೆ ಎಸರು, ಅಂದರೆ ಕುದಿಯುವ ನೀರು ಬೇಕು. ಇಲ್ಲದಿದ್ದರೆ ಹಿಟ್ಟಿಗೆ ಜಿಗುಟು ಬರುವುದಿಲ್ಲ, ರೊಟ್ಟಿ ಹರಿಯುತ್ತದೆ. ಪ್ರತಿದಿನ ಅದೇ ಬಿಸಿಯಲ್ಲಿ ನಾದುವ ಕೈಗೆ ಕಾಯಿ ಬಿಡಿಸಿದ ಸಂಜೆ ಮಾತ್ರ ಅದು ತಾಳಲಾಗದ ಬಿಸಿ. ಆಕೆ ಹೇಳಿದ್ದು ಪ್ರಯೋಗಶಾಲೆಯವರು ಬಹಳ ತಡವಾಗಿ ಕಂಡುಕೊಂಡ ಸಂಗತಿ. ಕ್ಯಾಪ್ಸೈಸಿನ್ ಅಂಟಿದ ಬಾಗಿಲು 43 ಡಿಗ್ರಿಗೆ ಕಾಯುವುದಿಲ್ಲ, ಅದಕ್ಕಿಂತ ಎಷ್ಟೋ ಕೆಳಗೇ ತೆರೆಯುತ್ತದೆ. ಅದರ ಮೇಲೆ ಕೈ ಬಿರಿದಿದ್ದರೆ, ಗೀರಿದ್ದರೆ, ಉಬ್ಬಿದ್ದರೆ ಉರಿ ಇನ್ನೂ ಏರುತ್ತದೆ. ಗಾಯದ ಕೈಗೆ ಖಾರ ಹೆಚ್ಚು ಎಂಬುದು ಚರ್ಮ ಹರಿದು ಖಾರ ಒಳಗೆ ಇಳಿಯಿತು ಎಂಬಷ್ಟೇ ಅಲ್ಲ. ನರವೇ ಬದಲಾಗಿರುತ್ತದೆ. ಬದಲಾಯಿಸುವವನು ಕೈನೇಸ್.

ಕೈನೇಸ್ ಎಂದರೆ ಒಂದು ಪ್ರೋಟೀನಿನ ಮೇಲೆ ಫಾಸ್ಫೇಟ್ ಕೂರಿಸುವ ಇನ್ನೊಂದು ಪ್ರೋಟೀನು. ಜೀವಕೋಶದಲ್ಲಿ ಎಟಿಪಿ ಎಂಬ ಅಣು ಇದೆ. ಅದರ ತುದಿಯಲ್ಲಿರುವ ಫಾಸ್ಫೇಟನ್ನು ಬಿಡಿಸಿ ಗುರುತಾದ ಜಾಗದಲ್ಲಿ ಅಂಟಿಸುವುದು ಇದರ ಕಸುಬು. ಫಾಸ್ಫೇಟಿಗೆ ಋಣ ವಿದ್ಯುದಂಶವಿದೆ. ಅದು ಬಂದು ಕೂತೊಡನೆ ಪ್ರೋಟೀನಿನ ಆಕಾರ ಸ್ವಲ್ಪ ಹೊರಳುತ್ತದೆ, ಆಕಾರ ಹೊರಳಿದರೆ ನಡವಳಿಕೆಯೂ ಹೊರಳುತ್ತದೆ. ಫಾಸ್ಫೇಟೇಸ್ ಎಂಬ ಮತ್ತೊಂದು ಬಂದು ಅದನ್ನು ಕಿತ್ತರೆ ಎಲ್ಲ ಮೊದಲಿನಂತೆ. ಸಿಯಾಟಲ್‌ನ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಇದನ್ನು 1950ರ ದಶಕದಲ್ಲಿ ಸ್ನಾಯುವಿನ ಸಕ್ಕರೆ ವ್ಯವಹಾರದಲ್ಲಿ ಕಂಡರು. ಮೊದಮೊದಲು ಇದು ಸ್ನಾಯುವಿನ ಒಂದು ವಿಶೇಷ ಎಂದೇ ಅನಿಸಿತ್ತು. 1992ರಲ್ಲಿ ಅವರಿಗೆ ನೊಬೆಲ್ ಬರುವ ಹೊತ್ತಿಗೆ, ಜೀವಕೋಶದಲ್ಲಿ ಸುದ್ದಿ ದಾಟುವುದೇ ಬಹುಮಟ್ಟಿಗೆ ಹೀಗೆ ಎಂಬುದು ಖಚಿತವಾಗಿತ್ತು. 2002ರಲ್ಲಿ ಮನುಷ್ಯನ ಜೀನುಗಳಲ್ಲಿ ಕೈನೇಸ್‌ಗಳನ್ನು ಎಣಿಸಿದಾಗ 518 ಸಿಕ್ಕವು. ನಮ್ಮ ಪ್ರೋಟೀನ್ ಜೀನುಗಳಲ್ಲಿ ಸುಮಾರು ನೂರಕ್ಕೆ ಎರಡು ಇದೊಂದೇ ಕಸುಬಿಗೆ ಮೀಸಲು.

ಆ 518ರಲ್ಲಿ ಸಿ ಎಂಬುದು ಒಂದು ಮನೆತನ. ಜಪಾನಿನ ಕೋಬೆಯಲ್ಲಿ ಯಾಸುತೊಮಿ ನಿಶಿಝುಕಾ ಮತ್ತು ಅವರ ಬಳಗ 1977ರಲ್ಲಿ ಇದನ್ನು ಗುರುತಿಸಿತು. ಮನುಷ್ಯರಲ್ಲಿ ಈ ಮನೆತನಕ್ಕೆ 9 ಜೀನುಗಳಿವೆ. ಅವುಗಳಲ್ಲಿ ಎಪ್ಸಿಲಾನ್‌ನ ಜೀನು ಪಿಆರ್‌ಕೆಸಿಇ, ಎರಡನೆಯ ವರ್ಣತಂತುವಿನ ಗಿಡ್ಡ ತೋಳಿನಲ್ಲಿದೆ. ಅದು ಬರೆಸುವ ಪ್ರೋಟೀನು 737 ಅಮೈನೋ ಆಮ್ಲಗಳ ಸರ. ಕೆಲಸವಿಲ್ಲದಾಗ ಈ ಪ್ರೋಟೀನು ತನ್ನದೇ ಮೈಯ ಒಂದು ತುಣುಕನ್ನು ತನ್ನ ಬಾಯಿಗೆ ತುರುಕಿಕೊಂಡು ಸುಮ್ಮನಿರುತ್ತದೆ. ಪೊರೆಯಲ್ಲಿ ಡೈಅಸೈಲ್‌ಗ್ಲಿಸರಾಲ್ ಎಂಬ ಕೊಬ್ಬಿನಂಶ ಹುಟ್ಟಿದಾಗ ಅತ್ತ ಹರಿದು ಅದಕ್ಕೆ ಅಂಟುತ್ತದೆ, ಬಾಯಿಯ ತುಣುಕು ಕಳಚುತ್ತದೆ, ಕೆಲಸ ಸುರುವಾಗುತ್ತದೆ. ಆ ಕೊಬ್ಬಿನಂಶವನ್ನು ಜೀವಕೋಶ ಬೇಗ ಕರಗಿಸಿಬಿಡುವುದರಿಂದ ಕೈನೇಸ್ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತದೆ.

ಮುಚ್ಚಿಕೊಳ್ಳದೆ ಹೋದರೆ? ಅದನ್ನು ತಿಳಿಯಲು ಸಹಾಯ ಮಾಡಿದ್ದು ನಮ್ಮ ಹಳೆಯ ಜಾಪಾಳ. ಜಾಪಾಳ ಮಾತ್ರೆಯ ಹೆಸರು ಕೇಳಿದರೇ ಹೊಟ್ಟೆ ಹಿಡಿದುಕೊಳ್ಳುವ ಅಜ್ಜಂದಿರು ಇನ್ನೂ ಇದ್ದಾರೆ. ಆ ಬೀಜದ ಎಣ್ಣೆ ಚರ್ಮಕ್ಕೆ ತಾಗಿದರೆ ಕೆಂಪಾಗಿ ಬೊಬ್ಬೆ ಏಳುತ್ತದೆ. 1940ರ ದಶಕದಲ್ಲಿ ಇಲಿಗಳ ಚರ್ಮಕ್ಕೆ ಈ ಎಣ್ಣೆಯನ್ನು ಮತ್ತೆ ಮತ್ತೆ ಹಚ್ಚಿದ ಸಂಶೋಧಕರು, ಬೇರೆ ರಾಸಾಯನಿಕದಿಂದ ಮೊದಲೇ ಕೆಟ್ಟಿದ್ದ ಜೀವಕೋಶಗಳು ಇದರಿಂದ ಗಡ್ಡೆಗಳಾಗಿ ಬೆಳೆಯುವುದನ್ನು ನೋಡಿದರು. ಎಣ್ಣೆಯಲ್ಲಿದ್ದ ಕಿಡಿಗೇಡಿ ಫಾರ್ಬಾಲ್ ಎಸ್ಟರ್. ಅದರ ಗುಟ್ಟು 1982ರಲ್ಲಿ ನಿಶಿಝುಕಾ ಅವರ ಪ್ರಯೋಗಶಾಲೆಯಲ್ಲಿ ಬಿಚ್ಚಿತು. ಈ ವಸ್ತು ಡೈಅಸೈಲ್‌ಗ್ಲಿಸರಾಲ್‌ನ ವೇಷ ಹಾಕಿ ಸಿ ಮನೆತನದ ಕೈನೇಸ್‌ಗಳನ್ನು ಎಬ್ಬಿಸುತ್ತದೆ. ಜೀವಕೋಶಕ್ಕೆ ಅದನ್ನು ಬೇಗ ಕರಗಿಸಲು ಬಾರದ್ದರಿಂದ ಅವು ಎದ್ದೇ ಇರುತ್ತವೆ. ಜೈವಿಕ ಡೀಸೆಲ್ಲಿಗೆಂದು ಬೇಲಿಗಳಲ್ಲಿ ನೆಟ್ಟ ಜಟ್ರೋಫಾದ ಬೀಜದಲ್ಲೂ ಇದೇ ಜಾತಿಯ ವಿಷವಿದೆ. ಅದರ ಹಿಂಡಿಯನ್ನು ದನಕ್ಕೆ ಹಾಕಬಾರದು ಎನ್ನುವುದು ಅದಕ್ಕೇ.

ಇನ್ನು ಬಿರಿದ ಕೈಗೆ ಮರಳೋಣ. ಚರ್ಮಕ್ಕೆ ಪೆಟ್ಟಾದಾಗ ಆ ಜಾಗದಲ್ಲಿ ಬ್ರಾಡಿಕೈನಿನ್ ಎಂಬ ಪುಟ್ಟ ಪೆಪ್ಟೈಡ್ ತಯಾರಾಗುತ್ತದೆ. ಬ್ರೆಜಿಲಿನ ವಿಜ್ಞಾನಿಗಳು ಅದನ್ನು ಹಾವಿನ ವಿಷದ ಮೇಲೆ ಕೆಲಸ ಮಾಡುವಾಗ 1940ರ ದಶಕದ ಕೊನೆಯಲ್ಲಿ ಕಂಡಿದ್ದರು. ಅದು ನೋವಿನ ನರಕ್ಕೆ ತಾಗಿದೊಡನೆ ಒಳಗೆ ಡೈಅಸೈಲ್‌ಗ್ಲಿಸರಾಲ್ ಹುಟ್ಟುತ್ತದೆ, ಎಪ್ಸಿಲಾನ್ ಏಳುತ್ತದೆ, ಪೊರೆಗೆ ಬರುತ್ತದೆ. ಅಲ್ಲಿರುವುದು ಟಿಆರ್‌ಪಿವಿ1. ಅದರ ಉದ್ದನೆಯ ಸರದಲ್ಲಿ 502ನೆಯ ಮತ್ತು 800ನೆಯ ಸ್ಥಾನದ ಸೆರೀನ್‌ಗಳ ಮೇಲೆ ಎಪ್ಸಿಲಾನ್ ಫಾಸ್ಫೇಟ್ ಕೂರಿಸುತ್ತದೆ. ಎರಡು ಜಾಗ, ಅಷ್ಟೇ. ಬಾಗಿಲಿನ ಅಗಳಿ ಸಡಿಲವಾಗುತ್ತದೆ. 43 ಡಿಗ್ರಿಗೆ ತೆರೆಯಬೇಕಾದದ್ದು ನಮ್ಮ ಮೈಯ ಸಾಮಾನ್ಯ ಶಾಖದ ಹತ್ತಿರಕ್ಕೆ, ಕೆಲವು ಪ್ರಯೋಗಗಳಲ್ಲಿ ಅದಕ್ಕೂ ಕೆಳಗೆ, ತೆರೆಯತೊಡಗುತ್ತದೆ. ಉರಿಯೂತದ ಜಾಗ ಯಾರೂ ಮುಟ್ಟದೆಯೇ ಉರಿಯುವುದು, ಬಿಸಿಲಿಗೆ ಬೆಂದ ಬೆನ್ನಿಗೆ ಉಗುರುಬೆಚ್ಚಗಿನ ನೀರೂ ಕುದಿನೀರಾಗುವುದು ಇದರಿಂದ. ಈ ಕೆಲಸದಲ್ಲಿ ಎಪ್ಸಿಲಾನ್ ಒಂಟಿಯಲ್ಲ. ಪ್ರೋಟೀನ್ ಕೈನೇಸ್ ಎ ಮುಂತಾದವೂ ಕೈ ಹಾಕುತ್ತವೆ. ಆದರೆ ಅದರ ಪಾತ್ರ ದೊಡ್ಡದು ಎಂಬುದಕ್ಕೆ 1999ರ ಒಂದು ಪ್ರಯೋಗ ಒಳ್ಳೆಯ ಸಾಕ್ಷಿ. ಎಪ್ಸಿಲಾನ್ ಜೀನನ್ನು ತೆಗೆದುಹಾಕಿದ ಇಲಿಗಳಿಗೆ ಸಾಧಾರಣ ಬಿಸಿ, ಸಾಧಾರಣ ಚುಚ್ಚು ಎಲ್ಲ ಇಲಿಗಳಂತೆಯೇ ತಿಳಿಯುತ್ತಿತ್ತು. ಅಡ್ರಿನಲಿನ್ ಚುಚ್ಚಿದಾಗ ಉಳಿದ ಇಲಿಗಳಲ್ಲಿ ನೋವು ಹೆಚ್ಚಾಯಿತು. ಇವುಗಳಲ್ಲಿ ಅಷ್ಟು ಹೆಚ್ಚಲಿಲ್ಲ. ನೋವನ್ನು ಹುಟ್ಟಿಸುವವನು ಬೇರೆ, ನೋವನ್ನು ಏರಿಸುವವನು ಬೇರೆ. ಅಡ್ರಿನಲಿನ್ ಹೆದರಿಕೆಯ, ಆತಂಕದ ಹಾರ್ಮೋನು ಎಂಬುದನ್ನು ನೆನಪಿಸಿದರೆ, ಮನಸ್ಸು ಕೆಟ್ಟ ದಿನ ಮೈನೋವು ಯಾಕೆ ಹೆಚ್ಚು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಆದರೆ ಇಲಿಯಿಂದ ಮನುಷ್ಯನಿಗೆ ಹಾರುವಾಗ ಎಚ್ಚರ ಬೇಕು, ಅಲ್ಲಿಗೆ ಬಿಡುತ್ತೇನೆ.

ಹಾಗಾದರೆ ಆ ನಗುವ ಹಮಾಲರ ಕಥೆ? ಬಾಗಿಲು ತೆರೆದಾಗ ಒಳನುಗ್ಗಿದ ಕ್ಯಾಲ್ಸಿಯಂ ಕ್ಯಾಲ್ಸಿನ್ಯೂರಿನ್ ಎಂಬ ಫಾಸ್ಫೇಟೇಸನ್ನು ಎಬ್ಬಿಸುತ್ತದೆ. ಅದು ಕೈನೇಸ್ ಕೂರಿಸಿದ ಫಾಸ್ಫೇಟನ್ನು ಕಿತ್ತು ಹಾಕುತ್ತದೆ, ಬಾಗಿಲು ಮಂದವಾಗುತ್ತದೆ. ಖಾರ ಮತ್ತೆ ಮತ್ತೆ ತಾಗುತ್ತಿದ್ದರೆ ನರದ ತುದಿಗಳೇ ಹಿಂದೆ ಸರಿಯುತ್ತವೆ. ಇದನ್ನು ಮೊದಲು ವ್ಯವಸ್ಥಿತವಾಗಿ ಅಭ್ಯಾಸ ಮಾಡಿದ್ದು ಹಂಗೇರಿಯ ಸೆಗೆಡ್ ಎಂಬ ಊರಿನ ಮಿಕ್ಲೋಶ್ ಯಾಂಚೋ, 1940ರ ದಶಕದಲ್ಲಿ. ಸೆಗೆಡ್ ಎಂದರೆ ಹಂಗೇರಿಯ ಬ್ಯಾಡಗಿ ಎನ್ನಬಹುದು. ಅಲ್ಲಿನ ಪ್ಯಾಪ್ರಿಕಾ ಕೂಡ ಖಾರಕ್ಕಿಂತ ಕೆಂಪಿಗೆ ಹೆಸರಾದ ಮೆಣಸಿನಕಾಯಿ. ಅದೇ ಊರಿನ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಪ್ಯಾಪ್ರಿಕಾದಿಂದ ಸಿ ಜೀವಸತ್ವವನ್ನು ಕಿಲೋಗಟ್ಟಲೆ ತೆಗೆದು 1937ರಲ್ಲಿ ನೊಬೆಲ್ ಪಡೆದರು. ಊರ ಬೆಳೆ ಊರ ವಿಜ್ಞಾನಕ್ಕೆ ಇಷ್ಟು ಹತ್ತಿರ ಬಂದ ಉದಾಹರಣೆ ನೋಡಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ನಮ್ಮಲ್ಲಿ ಕಾಯಿಯ ಬಣ್ಣ ಅಳೆಯುವ ಯಂತ್ರಗಳಿಗೆ ಕೊರತೆಯಿಲ್ಲ. ತುಂಬು ಬಿಡಿಸುವ ಕೈಗಳ ಕಡೆ ಯಾರಾದರೂ ಅಳತೆಗೋಲು ತಿರುಗಿಸಿದರೆ, ರೂಢಿ ಎಲ್ಲಿ ಮುಗಿಯುತ್ತದೆ, ಹಾನಿ ಎಲ್ಲಿ ಸುರುವಾಗುತ್ತದೆ ಎಂಬುದಕ್ಕೆ ಜಗತ್ತೇ ಕಿವಿಗೊಡುವಂಥ ಉತ್ತರ ಇಲ್ಲೇ ಸಿಗಬಹುದು.

ನರ ಮಂದವಾಗುವ ಈ ಗುಣವನ್ನೇ ವೈದ್ಯರು ಮದ್ದು ಮಾಡಿಕೊಂಡಿದ್ದಾರೆ. ಸರ್ಪಸುತ್ತು ಆರಿದ ಮೇಲೂ ತಿಂಗಳುಗಟ್ಟಲೆ ಉಳಿಯುವ ಉರಿನೋವಿಗೆ ನೂರಕ್ಕೆ 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಗೆ 2009ರಲ್ಲಿ ಅಮೆರಿಕ, ಯುರೋಪುಗಳಲ್ಲಿ ಒಪ್ಪಿಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಮಾತ್ರ ಹಚ್ಚುವಂಥದ್ದು. ಮನೆಯಲ್ಲಿ ಖಾರಪುಡಿ ಕಲಸಿ ಹಚ್ಚಿಕೊಳ್ಳುವ ಸಾಹಸ ಯಾರೂ ಮಾಡಬೇಡಿ.

ಬಾಗಿಲನ್ನೇ ಮುಚ್ಚುವ ಔಷಧಿಗಳನ್ನೂ ಕಂಪನಿಗಳು ಮಾಡಿ ನೋಡಿದವು. ಕೆಲವರಿಗೆ ಜ್ವರ 40 ಡಿಗ್ರಿಗೆ ಏರಿತು, ಇನ್ನು ಕೆಲವು ಮದ್ದುಗಳಿಂದ ಸುಡುವ ನೀರೂ ಸುಡುತ್ತಿದೆ ಎಂದು ತಿಳಿಯದಂತಾಯಿತು. ಹಾಗಾದರೆ ಬಾಗಿಲು ಬಿಟ್ಟು ಅಗಳಿ ಸಡಿಲಿಸುವವನನ್ನು, ಅಂದರೆ ಎಪ್ಸಿಲಾನನ್ನು ತಡೆದರೆ? ತರ್ಕ ಚೆಂದವಿದೆ. ಅಂಥ ಒಂದು ಪೆಪ್ಟೈಡನ್ನು ಸರ್ಪಸುತ್ತಿನ ನೋವಿರುವವರ ಮೇಲೆ ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು: ಬರಿಯ ದ್ರಾವಣ ಕೊಟ್ಟವರಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಇನ್ನೊಂದು ತೊಡಕೂ ಇದೆ. ಈ ಕೈನೇಸ್ ನೋವಿನ ನರದಲ್ಲಷ್ಟೇ ಇಲ್ಲ. ಹೃದಯಕ್ಕೆ ರಕ್ತ ಕಡಿಮೆಯಾದಾಗ ಅದರ ಸ್ನಾಯುವನ್ನು ಕಾಯುವ ಕೆಲಸದಲ್ಲಿದೆ, ಯಕೃತ್ತು ಇನ್ಸುಲಿನ್ನಿಗೆ ಕಿವುಡಾಗುವ ಪ್ರಕರಣದಲ್ಲಿದೆ. ಅದಿಲ್ಲದ ಇಲಿಗಳು ಮದ್ಯವನ್ನು ಬಹಳ ಕಡಿಮೆ ಕುಡಿಯುತ್ತವೆ ಎಂಬುದು ಕೂಡ 1999ರಲ್ಲೇ ತಿಳಿದಿತ್ತು. ಈ ಸುದ್ದಿ ಕೇಳಿದರೆ ನಮ್ಮ ಊರುಗಳ ಎಷ್ಟೋ ತಾಯಂದಿರು ಆ ಮದ್ದು ಎಲ್ಲಿ ಸಿಗುತ್ತದೆ ಎಂದಾರು. ಒಂದೇ ಜೀನು, ಅಂಗಕ್ಕೊಂದು ಕೆಲಸ. ಕೈಯ ಉರಿ ತಗ್ಗಿಸಲು ಹೋಗಿ ಹೃದಯದ ಕಾವಲು ಕಳೆದುಕೊಳ್ಳುವ ವ್ಯಾಪಾರ ಯಾರಿಗೂ ಬೇಡ.

ಔಷಧಿ ಬರುವವರೆಗೆ ಏನು ಮಾಡಬೇಕೆಂದರೆ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಕಾಯಿ ಬಿಡಿಸಿ ಎದ್ದವರು ಮೊದಲು ಅಡುಗೆ ಎಣ್ಣೆ ಹಚ್ಚಿ ಬೆರಳುಗಳ ಸಂದಿಯನ್ನು, ಉಗುರಿನ ಅಡಿಯನ್ನು ಚೆನ್ನಾಗಿ ತಿಕ್ಕಿ ಬಟ್ಟೆಯಿಂದ ಒರೆಸಲಿ, ಆಮೇಲೆ ಸಾಬೂನು, ತಣ್ಣೀರು. ಬಿಸಿನೀರು ಮಾತ್ರ ಬೇಡ, ಕಾರಣ ಈಗ ನಿಮಗೆ ಗೊತ್ತು. ಗೀರು, ಬಿರುಕು ಇರುವ ದಿನ ಕೈಗವಸು ಹಾಕಿಕೊಳ್ಳಿ. ಆ ಸಂಜೆ ಹಿಟ್ಟು ನಾದುವ ಕೆಲಸವನ್ನು ಮನೆಯ ಗಂಡಸರಿಗೆ ವಹಿಸಿದರೂ ತಪ್ಪಿಲ್ಲ, ರೊಟ್ಟಿ ಸ್ವಲ್ಪ ಸೊಟ್ಟಗಾದೀತು. ಬಾಯಿಗೆ ಖಾರ ಹತ್ತಿದರೆ ನೀರಿಗಿಂತ ಹಾಲು, ಮೊಸರು ವಾಸಿ. ಕಣ್ಣಿಗೆ ಹೋದರೆ ಎಣ್ಣೆ ಹಾಕಬೇಡಿ, ಉಜ್ಜಲೂಬೇಡಿ. ತಣ್ಣನೆಯ ಶುದ್ಧ ನೀರನ್ನು ಬಹಳ ಹೊತ್ತು ಹರಿಯಬಿಟ್ಟು ತೊಳೆಯಿರಿ, ಉರಿ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.